ಶೇಂಗಾ ಮಿಲ್ಲಿನಲ್ಲಿ ಹಾಡಿದ್ದು ಯಾರು?

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ನಮ್ಮತ್ತೆ ಬಾಗಿಲಿಗೆ ಮಂತ್ರಿಸಿದ ನಿಂಬೆಹಣ್ಣು ಕಟ್ಟಿ ಊರಿಗೆ ಹೋದರೆ, ಅದನ್ನು ಬಿಚ್ಚಿ ಪಾನಕ ಮಾಡಿಕೊಂಡು ಕುಡಿದವಳು ನಾನು. ಯಾರಾದರೂ "ನಮ್ಮನೇಲಿ ರಾತ್ರಿ ಗೆಜ್ಜೆ ಸದ್ದು ಕೇಳ್ತೈತೆ" ಅಂದರೆ, "ಇಲಿಗೆ ಗೆಜ್ಜೆ ಕಟ್ಟಿದೋರು ಯಾರು ಅಂತ ವಿಚಾರಿಸ್ರಿ" ಅಂತ ನಗಾಡುತ್ತಿದ್ದೆ. ದೆವ್ವ ಭೂತ ಈಗಲೂ ನಂಬೋದಿಲ್ಲ. ಆದರೆ ಧರ್ಮಪುರದ ಒಂದು ಶೇಂಗಾ ಮಿಲ್ಲಿನಲ್ಲಿ, ಹಾಡಹಗಲಲ್ಲಿ, ನಾಲ್ಕು ಜನರ ಎದುರಿಗೆ ನಡೆದದ್ದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ತೋಚಿದರೆ ಒಳ್ಳೆಯದೇ.

ನಾನು ಒಂಬತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದವಳು. ಮನೆ ಹಿರಿಯೂರು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗದ ಕಡೆಯ ಗಣಪತಿ ಪೆಂಡಾಲು, ಮದುವೆ ಆರತಕ್ಷತೆ ಯಾವುದನ್ನೂ ಬಿಟ್ಟಿರಲಿಲ್ಲ. ಜಂಬ ಅಂದುಕೊಂಡರೂ ಪರವಾಗಿಲ್ಲ, ನನ್ನ ಗಂಟಲು ಚೆನ್ನಾಗಿತ್ತು. ಮೈಕು ಕೆಟ್ಟರೂ ಕೊನೇ ಸಾಲಿನವರಿಗೆ ಕೇಳುತ್ತಿತ್ತು. ಇದ್ದದ್ದು ಒಂದೇ ಚಾಳಿ. ಮೇಲಿನ ಸ್ವರವನ್ನು ನೇರವಾಗಿ ಹಿಡಿಯುತ್ತಿರಲಿಲ್ಲ, ಒಂಚೂರು ಕೆಳಗಿನಿಂದ ಎತ್ತಿ ತಂದು ಕೂರಿಸುತ್ತಿದ್ದೆ. "ಏನಮ್ಮ, ನೀರಿನ ಕೊಡ ಎತ್ತಿ ಸೊಂಟಕ್ಕಿಟ್ಕೊಂಡಂಗೆ ಹಾಡ್ತೀಯ" ಅಂತ ಆರ್ಕೆಸ್ಟ್ರಾ ಮಾಲೀಕರು ಬೈಯುತ್ತಿದ್ದರು. ಎಷ್ಟು ಬೈದರೂ ಅದು ಹೋಗಲಿಲ್ಲ.

ಮಗಳು ಚೈತ್ರ ಒಂಬತ್ತು ತಿಂಗಳ ಕೂಸಾಗಿದ್ದಾಗ ಗಂಟಲು ಕೈಕೊಟ್ಟಿತು. ಧ್ವನಿಪೆಟ್ಟಿಗೆಯಲ್ಲಿ ಗಂಟು ಎದ್ದಿದೆ ಅಂದರು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯವರೇ, ಮುಂಚೆಯೇ ಹೇಳಿದ್ದರು: ಮಾತು ಉಳೀತದೆ, ಹಾಡಿನ ಆಸೆ ಇಟ್ಕೋಬೇಡ್ರಿ ಅಂತ. ಹಾಗೇ ಆಯಿತು. ಮಾತಾಡಿದರೆ ತಗಡು ಕೆರೆದ ಹಾಗೆ ಬರುತ್ತಿತ್ತು, ಹಾಡಲು ಹೋದರೆ ಬರೀ ಗಾಳಿ. ಚೈತ್ರಳಿಗೆ ಜೋಗುಳ ಹಾಡಿದ್ದೆಲ್ಲ ನಮ್ಮ ಮನೆಯವರೇ. ಅವರು ಧರ್ಮಪುರದ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರು, ಸ್ಟಾಪು ಕೂಗುವ ರಾಗದಲ್ಲೇ ಜೋಗುಳವನ್ನೂ ಹಾಡುತ್ತಿದ್ದರು. ಮಗು ಅದಕ್ಕೇ ನಿದ್ದೆ ಹೋಗುತ್ತಿತ್ತು. ನಾನು ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ.

ಇನ್ನೊಂದು ಹೊಟ್ಟೆಯುರಿ ಕೇಳಿ. ಅಷ್ಟು ವರ್ಷ ಹಾಡಿದರೂ ನನ್ನ ದನಿ ಎಲ್ಲೂ ಉಳಿದಿರಲಿಲ್ಲ. ಆರ್ಕೆಸ್ಟ್ರಾದ ಹಾಡನ್ನು ಯಾರು ರೆಕಾರ್ಡ್ ಮಾಡಿಡುತ್ತಾರೆ? ಹೊಸದುರ್ಗದ ಒಂದು ಮದುವೆ ವಿಡಿಯೋದಲ್ಲಿ ಎರಡು ಹಾಡು ಇದ್ದವು. ಹುಡುಕಿಕೊಂಡು ಹೋದರೆ ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ನನ್ನ ಮಗಳಿಗೆ ಅವಳಮ್ಮ ಹಾಡುತ್ತಿದ್ದಳು ಅನ್ನುವುದು ಬರೀ ಬಾಯಿಮಾತಾಗಿ ಉಳಿಯುತ್ತದಲ್ಲ ಅಂತ ಸಂಕಟವಾಗುತ್ತಿತ್ತು.

ಅಂಥ ದಿನಗಳಲ್ಲೇ ಸಿದ್ದೇಶ ಮನೆಗೆ ಬಂದ. ನಮ್ಮ ಆರ್ಕೆಸ್ಟ್ರಾದಲ್ಲೇ ಗಿಟಾರ್ ನುಡಿಸುತ್ತಿದ್ದವನು, ಚಿತ್ರದುರ್ಗದವನು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆರ್ಕೆಸ್ಟ್ರಾ ಬಿಟ್ಟು ಸ್ವಂತ ಬ್ಯಾಂಡು ಕಟ್ಟಿದ್ದೇನೆ, ಹೆಸರು 'ಏಳು ಸುತ್ತು' ಅಂದ. ಬೆಂಗಳೂರಿನ ಗೆಳೆಯನೊಬ್ಬ ಕೊಟ್ಟ ಪರದೇಶದ ಕ್ಯಾಸೆಟ್ಟು ಕೇಳಿ ತಲೆ ಕೆಡಿಸಿಕೊಂಡಿದ್ದ. ಅಂಥ ಸಂಗೀತಕ್ಕೆ ಡ್ರೋನ್ ಮೆಟಲ್ ಅನ್ನುತ್ತಾರಂತೆ. ತಂತಿಗಳನ್ನು ಸಡಿಲ ಮಾಡಿ ಮಾಡಿ ಪಾತಾಳಕ್ಕೆ ಇಳಿಸುವುದು, ಆಂಪ್ಲಿಫೈಯರ್ ಪೂರ್ತಿ ಏರಿಸುವುದು, ಒಂದು ಸಲ ಮೀಟಿ ಬಿಟ್ಟುಬಿಡುವುದು. ಆ ಸದ್ದು ತಾನಾಗೇ ಸಾಯುವವರೆಗೂ ಮುಟ್ಟುವ ಹಾಗಿಲ್ಲ. ಅವನು ಒಂದು ಸಲ ಮೀಟಿದರೆ ಇನ್ನೊಂದು ಸಲ ಮೀಟುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು.

"ಅಕ್ಕಾ, ನಿಮ್ಮ ತಾತನ ಶ್ರುತಿ ಪೆಟ್ಟಿಗೆ ಐತಲ್ಲ, ಅದು ಬೇಕು" ಅಂದ. ನಮ್ಮ ತಾತ ಐಮಂಗಲದ ಭಜನೆ ಮೇಳದಲ್ಲಿ ಶ್ರುತಿ ಹಿಡಿಯುತ್ತಿದ್ದರು. ಕೈಯಲ್ಲಿ ಒತ್ತಿ ಒತ್ತಿ ಗಾಳಿ ತುಂಬಿದರೆ ಒಂದೇ ಸ್ವರ ಎಡೆಬಿಡದೆ ಬರುವ ಮರದ ಪೆಟ್ಟಿಗೆ ಅದು. ಆ ಪೆಟ್ಟಿಗೆಯ ಸ್ವರ ಯಾವ ಕೀಬೋರ್ಡಿನ ಯಾವ ಮನೆಗೂ ಕೂಡುತ್ತಿರಲಿಲ್ಲ, ಎರಡು ಮನೆಗಳ ಮಧ್ಯೆ ಎಲ್ಲೋ ನಿಲ್ಲುತ್ತಿತ್ತು. ಆರ್ಕೆಸ್ಟ್ರಾಕ್ಕೆ ಅದಕ್ಕೇ ಪ್ರಯೋಜನವಾಗಿರಲಿಲ್ಲ. ಸಿದ್ದೇಶನಿಗೆ ಅದಕ್ಕೇ ಬೇಕಾಗಿತ್ತು.

"ಪೆಟ್ಟಿಗೆ ಒಂದೇ ಕೊಡಲ್ಲ ಕಣಪ್ಪ. ಅದನ್ನ ಒತ್ತೋಕೆ ನಾನೂ ಬರ್ತೀನಿ" ಅಂದೆ. ಯಾಕೆ ಹಾಗಂದೆನೋ. ಎಲ್ಲಾದರೂ ನಾಲ್ಕು ಜನರ ಮುಂದೆ ಕೂರಬೇಕು ಅನ್ನೋ ಆಸೆ ಸತ್ತಿರಲಿಲ್ಲ, ಅಷ್ಟೇ. ಅವನು ತಕ್ಷಣ "ಬರ್ರಿ ಅಕ್ಕಾ" ಅಂದ.

ಬ್ಯಾಂಡಿನಲ್ಲಿ ಇನ್ನಿಬ್ಬರಿದ್ದರು. ಇಲಿಯಾಸ್, ಚಿತ್ರದುರ್ಗದಲ್ಲಿ ಅವರ ತಾತನ ಕಾಲದ ಮೈಕ್ ಸೆಟ್ ಅಂಗಡಿಯವನು. ಬೇಸ್ ಗಿಟಾರ್ ಅವನದೇ, ಸೌಂಡ್ ಬಾಕ್ಸು, ವೈರು, ರೆಕಾರ್ಡಿಂಗ್ ಉಸಾಬರಿಯೂ ಅವನದೇ. ತಿಪ್ಪೇಶಿ ಮದುವೆ ಬ್ಯಾಂಡಿನಿಂದ ಬಂದ ಡ್ರಮ್ಮಿನವನು. ಪಾಪ, ಅವನಿಗೆ ಸುಮ್ಮನಿರುವುದೇ ಕಷ್ಟ. "ಒಂದು ಏಟು ಹೊಡ್ದು ಮೂವತ್ತು ಎಣಿಸಾದ್ರೊಳಗೆ ಕೈ ನವೆ ಬರ್ತವೆ ಕಣಕ್ಕಾ" ಅಂತ ಒದ್ದಾಡುತ್ತಿದ್ದ. ನಾನು ಗಂಟಲಿಗೆ ಹಿತ ಅಂತ ಒಂದು ಚೂರು ಅತಿಮಧುರದ ಬೇರನ್ನು ನಾಲಿಗೆ ಕೆಳಗಿಟ್ಟುಕೊಂಡು, ತುಟಿ ಮುಚ್ಚಿ ಕೂರುತ್ತಿದ್ದೆ. ಶ್ರುತಿ ಹಿಡಿದವರು ಬಾಯಿ ಬಿಡಬಾರದು ಅನ್ನುವುದು ನಮ್ಮ ತಾತನ ಮೇಳದ ಕಟ್ಟುಪಾಡು. ತಾನೂ ಹಾಡಲು ಹೊರಟರೆ ಕೈ ಮರೆಯುತ್ತದೆ, ಗಾಳಿ ಏರುಪೇರಾಗಿ ಎಲ್ಲರ ಹಾಡೂ ಕೆಡುತ್ತದೆ ಅಂತ.

ನಮ್ಮ ಕಾರ್ಯಕ್ರಮಗಳ ಕಥೆ ಏನು ಹೇಳಲಿ! ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಾವು ಕಾಲು ಗಂಟೆ ನುಡಿಸಿದ ಮೇಲೆ ನಿರೂಪಕ ಸ್ಟೇಜಿಗೆ ಬಂದು, "ಟ್ಯೂನ್ ಮಾಡಿದ್ದು ಸಾಕು, ಶುರು ಮಾಡ್ರಪ್ಪ" ಅಂದ. ಹೊಸದುರ್ಗದ ಗಣಪತಿ ಪೆಂಡಾಲಿನಲ್ಲಿ ಟ್ರಾನ್ಸ್‌ಫಾರ್ಮರ್ ಗೊಂಯ್‌ಗುಡ್ತೈತೆ ಅಂತ ಜನ ಲೈನ್‌ಮನ್ನನ್ನು ಕರೆಸಿದ್ದರು. ಹೊಳಲ್ಕೆರೆಯಲ್ಲಿ ಮಾತ್ರ ಒಬ್ಬ ಮುದುಕಪ್ಪ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೊನೆವರೆಗೂ ಕೂತಿದ್ದರು. ಮುಗಿದ ಮೇಲೆ ಬಂದು ಪೆಟ್ಟಿಗೆಯನ್ನು ಮುಟ್ಟಿ, "ಹೊಟ್ಟೆ ತಣ್ಣಗಾತು ಕಣಮ್ಮ" ಅಂದರು. ಸಿದ್ದೇಶ ಆ ಒಂದು ಮಾತು ಇಟ್ಟುಕೊಂಡು ಆರು ತಿಂಗಳು ಓಡಾಡಿದ.

ನಿಜ ಹೇಳಬೇಕೆಂದರೆ ನನಗೂ ಆ ಸದ್ದು ಹಿಡಿಸತೊಡಗಿತ್ತು. ಮೊದಮೊದಲು ಎದೆಗೂಡು ಅದುರಿ ವಾಕರಿಕೆ ಬರುವ ಹಾಗಾಗುತ್ತಿತ್ತು. ಆಮೇಲಾಮೇಲೆ ಆ ಒಂದೇ ಸ್ವರದ ಒಳಗೆ ಏನೇನೋ ಕೇಳಿಸುತ್ತಿತ್ತು, ದೂರದಲ್ಲಿ ಯಾರೋ ಮಾತಾಡಿಕೊಂಡ ಹಾಗೆ. ಅದರಲ್ಲಿ ಕೂತಿದ್ದಷ್ಟು ಹೊತ್ತು ನನ್ನ ಗಂಟಲಿನ ಚಿಂತೆ ಇರುತ್ತಿರಲಿಲ್ಲ.

ಮೂರು ವರ್ಷವಾದ ಮೇಲೆ ಒಂದು ಕ್ಯಾಸೆಟ್ಟಾದರೂ ಮಾಡಾಣ ಅಂತಾಯಿತು. ಸ್ಟುಡಿಯೋ ಎಲ್ಲ ನಮಗೆಲ್ಲಿ ಬಂತು? ಇಲಿಯಾಸನ ಸೋದರಮಾವನದು ಧರ್ಮಪುರದಲ್ಲಿ ಶೇಂಗಾ ಸುಲಿಯುವ ಮಿಲ್ಲು. ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು. ಊರಾಚೆ, ತಗಡಿನ ಮಾಡು, ಎತ್ತರದ ಗೋಡೆ. ಎಷ್ಟು ಗದ್ದಲ ಮಾಡಿದರೂ ಕೇಳುವವರಿಲ್ಲ. ಚೈತ್ರಳನ್ನು ಅತ್ತೆ ಹತ್ತಿರ ಬಿಟ್ಟು, ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ನಮ್ಮ ಮನೆಯವರ ಬಸ್ಸಿನಲ್ಲೇ ಹೋದೆ. ಹತ್ತು ಗಂಟೆಗೆಲ್ಲ ಬಿಸಿಲು ಕೆಂಡ ಸುರಿಯುತ್ತಿತ್ತು. ಮಿಲ್ಲಿನ ತುಂಬ ಸಿಪ್ಪೆಯ ದೂಳು, ಹಸಿ ಎಣ್ಣೆಯ ವಾಸನೆ.

ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟು ಬಂತು. ಹೊಸ ಕ್ಯಾಸೆಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ನಾನೇ ಹಲ್ಲಲ್ಲಿ ಕಚ್ಚಿ ಹರಿದು ಇಲಿಯಾಸನಿಗೆ ಕೊಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಒಂದು ಬದಿ ಮುಗಿಯುವವರೆಗೆ, ಮುಕ್ಕಾಲು ಗಂಟೆ, ನಿಲ್ಲಿಸದೆ ನುಡಿಸಬೇಕು ಅಂತ ಲೆಕ್ಕ. ಪೆಟ್ಟಿಗೆಯ ಮುಂದೆ ಒಂದು ಮೈಕು, ಡ್ರಮ್ಮಿಗೆ ಒಂದು. ಇಲಿಯಾಸ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ತೊಡೆ ಮೇಲೆ ಬೇಸ್ ಗಿಟಾರ್ ಇಟ್ಟುಕೊಂಡು ರೆಕಾರ್ಡಿಂಗ್ ಮಿಷನ್ನಿನ ಪಕ್ಕ ಕೂತ. ನಾನು ಅತಿಮಧುರ ಬಾಯಿಗಿಟ್ಟುಕೊಂಡು ಒತ್ತಲು ಶುರು ಮಾಡಿದೆ. ಸಿದ್ದೇಶ ಮೀಟಿದ. ತಗಡಿನ ಮಾಡು ಗುಂಯ್ ಅಂತು, ಮೇಲಿಂದ ದೂಳು ಉದುರಿತು.

ಹದಿನೈದು ನಿಮಿಷ ಆಗಿರಬೇಕು. ಇಲಿಯಾಸ್ ತಲೆಯೆತ್ತಿ ನನ್ನನ್ನು ನೋಡಿದ. ಹುಬ್ಬು ಗಂಟಿಕ್ಕಿ ಮತ್ತೆ ನೋಡಿದ. ಆಮೇಲೆ ಬೇಸ್ ಗಿಟಾರನ್ನು ಮೀಟಿ ಕೂಗಲು ಬಿಟ್ಟು, ಹೆಡ್‌ಫೋನು ಕಳಚಿ ಎದ್ದು ಹೊರಗೆ ಹೋದ. ಬಾಗಿಲ ಸಂದಿಯಲ್ಲಿ ನನಗೆ ಕಾಣುತ್ತಿತ್ತು: ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ತಂದು ಗೋಡೆ ಪಕ್ಕದ ಅರ್ಥ್ ಗುಂಡಿಗೆ ಸುರಿಯುತ್ತಿದ್ದ. ಒಂದು ಬಕೆಟ್ಟಲ್ಲ, ಮೂರು. ಅರ್ಥ್ ಗುಂಡಿ ಒಣಗಿದರೆ ಮೈಕ್ ಸೆಟ್ಟಿನಲ್ಲಿ ಹಮ್ ಅಂತ ಬೇಡದ ಸದ್ದು ಕೂರುತ್ತದೆ, ನೀರು ಹಾಕಿದರೆ ಹೋಗುತ್ತದೆ. ಬೇಸಿಗೆಯಲ್ಲಿ ಮೈಕ್ ಸೆಟ್ಟಿನವರೆಲ್ಲ ಮಾಡುವ ಕೆಲಸವೇ. ಬಂದು ಮತ್ತೆ ಹೆಡ್‌ಫೋನು ಹಾಕಿಕೊಂಡ. ತಲೆ ಅಲ್ಲಾಡಿಸಿದ. ಆಮೇಲೆ ಕೊನೆವರೆಗೂ ನನ್ನ ಬಾಯಿಯನ್ನೇ ದಿಟ್ಟಿಸುತ್ತಾ ಕೂತಿದ್ದ. ನನ್ನ ಮುಖಕ್ಕೆ ಏನೋ ಮೆತ್ತಿಕೊಂಡಿದೆ ಅಂದುಕೊಂಡು ಭುಜಕ್ಕೆ ಕೆನ್ನೆ ಒರೆಸಿಕೊಂಡೆ.

ಕ್ಯಾಸೆಟ್ಟು ಟಕ್ ಅಂತ ನಿಂತಿತು. ಕಿವಿ ಗವ್ವನೆ ಮುಚ್ಚಿಕೊಂಡಿದ್ದವು. ಇಲಿಯಾಸ್ ಅದನ್ನು ಹಿಂದಕ್ಕೆ ಸುತ್ತಿಸಿ ಕೇಳಿದ. ಮತ್ತೊಮ್ಮೆ ಕೇಳಿದ. ಆಮೇಲೆ ಎದ್ದು ಬಂದು ಹೆಡ್‌ಫೋನನ್ನು ನನ್ನ ತಲೆಗೆ ತೊಡಿಸಿದ.

ಪೆಟ್ಟಿಗೆಯ ಸ್ವರ ಇತ್ತು, ಅದರ ಕೆಳಗೆ ಗಿಟಾರುಗಳು ಇದ್ದವು. ಅವುಗಳ ಮೇಲೆ ಒಂದು ಹೆಣ್ಣಿನ ದನಿ. ಮಾತಿಲ್ಲ, ರಾಗವಿಲ್ಲ, ಅದೇ ಒಂದು ಸ್ವರವನ್ನು ಹಿಡಿದು ನಿಂತಿತ್ತು. ಉಸಿರು ಮುಗಿದಾಗ ನಿಲ್ಲುತ್ತಿತ್ತು, ಉಸಿರು ಎಳೆದುಕೊಂಡದ್ದೂ ಸಣ್ಣಗೆ ಕೇಳುತ್ತಿತ್ತು. ಆಮೇಲೆ ಒಂಚೂರು ಕೆಳಗಿನಿಂದ ಎತ್ತಿ ತಂದು ಅಲ್ಲೇ ಕೂರಿಸುತ್ತಿತ್ತು. ಅಯ್ಯೋ ಶಿವನೇ! ಅದು ನನ್ನ ದನಿ. ಆಪರೇಷನ್ನಿಗೆ ಮುಂಚಿನ ನನ್ನ ದನಿ. ತಾಯಿಯಾದವಳು ಸಂತೆಯಲ್ಲಿ ತನ್ನ ಮಗುವಿನ ಅಳು ಗುರುತಿಸುವುದಿಲ್ಲವೇ, ಹಾಗೆ ಗುರುತು ಸಿಕ್ಕಿತು. ಅಲ್ಲೇ ಚೀಲಗಳ ಮೇಲೆ ಕೂತು, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡೆ.

ಒಬ್ಬೊಬ್ಬರೂ ಕೇಳಿದರು. ತಿಪ್ಪೇಶಿ ಬಿಳಿಚಿಕೊಂಡು, "ನಡೀರಿ, ಮನೀಗೆ ಹೋಗಾಣ. ಪೆಟ್ಟಿಗೆಗೆ ಒಂದು ತೆಂಗಿನಕಾಯಿ ನಿವಾಳಿಸ್ರಿ ಮೊದ್ಲು" ಅಂತ ಬಾಗಿಲ ಹತ್ತಿರ ಹೋಗಿ ನಿಂತ. ಸಿದ್ದೇಶನ ಕಣ್ಣಲ್ಲಿ ನೀರಿತ್ತು, "ಅಕ್ಕಾ, ನಿಮಗೆ ಗೊತ್ತಿಲ್ದಂಗೇ ಹಾಡಿಬಿಟ್ಟಿದೀರಿ" ಅಂದ. ಇಲಿಯಾಸ್ ಒಪ್ಪಲಿಲ್ಲ. "ಲೇ, ಅರ್ಧ ಗಂಟೆ ಅಕ್ಕನ ಬಾಯೇ ನೋಡ್ತಾ ಕುಂತಿದೀನಿ. ತುಟಿ ಅಲ್ಲಾಡಿಲ್ಲ, ಅಲ್ಲಾನಾಣೆ" ಅಂದ. ನಾಲಿಗೆ ಕೆಳಗಿದ್ದ ಬೇರಿನ ಚೂರನ್ನು ತೆಗೆದು ತೋರಿಸಿದೆ. ಇಟ್ಟಲ್ಲೇ ಇತ್ತು, ಬಾಯಿ ತೆರೆದು ಹಾಡಿದ್ದರೆ ಜಾರಿಬಿಡುತ್ತಿತ್ತು.

ಹಳೇ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಮಾಡಿದರೆ ಒಮ್ಮೊಮ್ಮೆ ಮುಂಚಿನ ಹಾಡು ಅಡಿಯಲ್ಲಿ ಕೇಳುತ್ತದೆ. ಇಲಿಯಾಸನ ಅಂಗಡಿಯಲ್ಲಿ ಅಂಥ ಹಳೇ ಕ್ಯಾಸೆಟ್ಟುಗಳ ರಾಶಿಯೇ ಇತ್ತು. ಮೊದಲು ಎಲ್ಲರೂ ಅದನ್ನೇ ಹಿಡಿದುಕೊಂಡೆವು. ಆದರೆ ಹೊಸ ಕ್ಯಾಸೆಟ್ಟಿನ ಹಾಳೆ ಹರಿದವಳು ನಾನೇ ಅಲ್ಲವೇ? ಅದೂ ಅಲ್ಲದೆ ಯಾವ ಹಾಡಿನಲ್ಲಿ ನಾನು ಒಂದೇ ಸ್ವರವನ್ನು ಅಷ್ಟು ಹೊತ್ತು ಹಿಡಿದಿದ್ದೆ? ನಮ್ಮ ಆರ್ಕೆಸ್ಟ್ರಾದ ಯಾವ ಹಾಡೂ ತಾತನ ಪೆಟ್ಟಿಗೆಯ ಸ್ವರದಲ್ಲಿ ಇರಲೇ ಇಲ್ಲ.

ಸಿದ್ದೇಶ ಬಿಡಲಿಲ್ಲ. "ಒಂದ್ಸಲ ಹಾಡಿ ನೋಡ್ರಿ ಅಕ್ಕಾ, ಬಂದ್ರೂ ಬರಬಹುದು" ಅಂದ. ಅವನ ಮುಖ ನೋಡಿ ನನಗೂ ಆಸೆ ಬಂತು. ಮೈಕಿನ ಮುಂದೆ ನಿಂತು, ಉಸಿರು ತುಂಬಿಕೊಂಡು ಬಾಯಿ ತೆರೆದೆ. ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಪಟ್ಟೆ, ತಗಡಿನ ಕೆರೆತ ಬಂತು, ಕೆಮ್ಮು ಬಂತು. ಮೂರು ಜನ ಗಂಡಸರ ಮುಂದೆ ಹೋ ಅಂತ ಅತ್ತುಬಿಟ್ಟೆ. ಆಪರೇಷನ್ನಾದಾಗಲೂ ಹಾಗೆ ಅತ್ತಿರಲಿಲ್ಲ.

ಇಲಿಯಾಸ್ ಹೊರಗೆ ಹೋಗಿ ಅವರ ಮಾವನ ಮನೆಯಿಂದ ಚಹಾ ಮಾಡಿಸಿಕೊಂಡು ಬಂದ. ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ಮೆಲ್ಲಗೆ, "ಅಳಿಸಿಬಿಡ್ಲಾ ಅಕ್ಕಾ? ನಿಮಗೆ ಸಂಕಟ ಆಗಾದಾದ್ರೆ ನಮಗೆ ಕ್ಯಾಸೆಟ್ ಬ್ಯಾಡ" ಅಂದ. ಮೂರು ವರ್ಷ ಕಾದಿದ್ದ ಕ್ಯಾಸೆಟ್ಟು ಅದು. ಸಿದ್ದೇಶನೂ ಅಳಿಸಬೇಡ ಅನ್ನಲಿಲ್ಲ. "ಅಳಿಸಿದ್ರೆ ನಿನ್ನ ಕೈ ಮುರೀತೀನಿ" ಅಂದೆ. ಮೂವರೂ ನಕ್ಕರು, ಬಾಗಿಲ ಹತ್ತಿರವಿದ್ದ ತಿಪ್ಪೇಶಿ ಕೂಡ.

ಒಂದು ವಿಷಯ ನಿಮ್ಮಿಂದ ಮುಚ್ಚಿಡುವುದಿಲ್ಲ. ಅವತ್ತು ನನಗೆ ವಿಪರೀತ ಹಸಿವಾಗಿತ್ತು. ಹಾಡುವ ಕಾಲದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಆಗುತ್ತಿದ್ದಂಥ ಹಸಿವು. ಇಲಿಯಾಸನ ಮಾವನ ಮನೆಯಲ್ಲಿ ಎರಡು ಮುದ್ದೆ ಉಂಡು ಇನ್ನೂ ಅನ್ನಕ್ಕೆ ತಟ್ಟೆ ಒಡ್ಡಿದೆ. ಹಾಗಾದರೆ ಹಾಡಿದ್ದು ನಾನೇ ಏನು? ಮುಚ್ಚಿದ ಬಾಯಲ್ಲಿ, ಇಲ್ಲದ ಗಂಟಲಲ್ಲಿ ಹೇಗೆ ಹಾಡುತ್ತಾರೆ?

ಕ್ಯಾಸೆಟ್ಟಿನ ಹೊರಹಾಳೆಯಲ್ಲಿ 'ಗಾಯನ' ಅಂತ ನನ್ನ ಹೆಸರು ಹಾಕುತ್ತೇನೆ ಅಂದ ಸಿದ್ದೇಶ. ಖಡಾಖಂಡಿತ ಬೇಡ ಅಂದೆ. ಹಾಡದೆ ಹಾಡಿದೆ ಅನ್ನಿಸಿಕೊಳ್ಳುವುದಕ್ಕೆ ಮನಸ್ಸು ಒಪ್ಪಲಿಲ್ಲ. 'ಶ್ರುತಿ' ಅಂತ ಮಾತ್ರ ಹಾಕಿದರು. ಕೆಲವೇ ಪ್ರತಿ ಮಾಡಿದ್ದು, ಅದು ಹೇಗೋ ಬೆಂಗಳೂರಿನಲ್ಲಿ ಕೈಯಿಂದ ಕೈಗೆ ಓಡಾಡಿತು. ಆ ಹೆಂಗಸು ಯಾರು ಅಂತ ಕೇಳಿ ಕಾಗದಗಳು ಬಂದವು. ಗೊತ್ತಿಲ್ಲ ಅಂತಲೇ ಬರೆಸಿದೆ. ಬೆಂಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ ನುಡಿಸಲು ನಮ್ಮನ್ನು ಕರೆಸಿದರು. ಕೂದಲು ಬಿಟ್ಟ ಹುಡುಗರು, ನಾಲ್ಕಾರು ಹುಡುಗಿಯರು, ಎಲ್ಲ ಕಣ್ಣು ಮುಚ್ಚಿ ನಿಂತಿದ್ದರು. ಆ ದನಿಗೆ ಕಾಯುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ನಾನೂ ಕಾಯುತ್ತಿದ್ದೆ. ಬರಲಿಲ್ಲ. ಆಮೇಲೆ ಎಷ್ಟು ಸಲ ರೆಕಾರ್ಡ್ ಮಾಡಿದರೂ, ಅದೇ ಮಿಲ್ಲಿಗೆ ಎರಡು ಸಲ ಹೋಗಿ ನುಡಿಸಿದರೂ ಬರಲಿಲ್ಲ.

ಆಮೇಲೆ ಬ್ಯಾಂಡು ಮೆಲ್ಲಗೆ ಕರಗಿತು. ಜಗಳವೇನಿಲ್ಲ. ಸಿದ್ದೇಶ ಹೊಳಲ್ಕೆರೆಯ ಕಡೆ ಮೇಷ್ಟ್ರಾದ. ತಿಪ್ಪೇಶಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅವುಗಳ ಸದ್ದು ನಮ್ಮ ಬ್ಯಾಂಡಿನದೇ ಅನ್ನುತ್ತಿದ್ದ, ಈಗ ಕೈ ನವೆ ಬರುವುದಿಲ್ಲವಂತೆ.

ಚೈತ್ರ ಹೈಸ್ಕೂಲಿಗೆ ಹೋಗುವ ವೇಳೆಗೆ ಕ್ಯಾಸೆಟ್ಟುಗಳ ಕಾಲ ಮುಗಿದಿತ್ತು. ಇಲಿಯಾಸ್ ಒಂದು ಭಾನುವಾರ ಹಿರಿಯೂರಿಗೆ ಬಂದು, ಅದನ್ನು ಸಿ.ಡಿ.ಗೆ ಹಾಕಿಸಿದ್ದೇನೆ ಅಂತ ಕೊಟ್ಟು, ಊಟ ಮಾಡಿಕೊಂಡು ಹೋದ. ಅಲ್ಲಿಯವರೆಗೆ ಅದನ್ನು ಮನೆಯಲ್ಲಿ ಹಚ್ಚಿರಲೇ ಇಲ್ಲ. ಮಗಳು ಕೇಳಿದರೆ ಏನು ಹೇಳುವುದು ಅನ್ನುವ ಅಳುಕು. ಅವತ್ತು ಅವಳು ಟ್ಯೂಷನ್ನಿಗೆ ಹೋಗಿದ್ದಾಳೆ ಅಂದುಕೊಂಡು ಹಚ್ಚಿ, ಅವರೆಕಾಳು ಬಿಡಿಸುತ್ತಾ ಕೂತಿದ್ದೆ. ಅವಳು ಯಾವಾಗ ಬಂದಳೋ, ಹೊಸ್ತಿಲಲ್ಲೇ ಚೀಲ ಹಿಡಿದುಕೊಂಡು ನಿಂತಿದ್ದಳು.

"ಯಾರಮ್ಮ ಇದು ಹಾಡ್ತಿರೋದು?"

ಕಾಗದ ಬರೆದವರಿಗೆಲ್ಲ ಹೇಳಿದ ಉತ್ತರ ಬಾಯಿಗೆ ಬಂದಿತ್ತು. ಆದರೆ ಅವಳು ಕಣ್ಣು ಅಗಲ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು. "ನಾನು ಕಣೆ" ಅಂದೆ.

ಅವಳು ಚೀಲ ಕೆಳಗಿಟ್ಟು, ಸೌಂಡ್ ಬಾಕ್ಸಿನ ಪಕ್ಕ ಕಾಲು ಮಡಚಿ ಕೂತಳು. ಟಿ.ವಿ. ಮುಂದೆ ಐದು ನಿಮಿಷ ಒಂದು ಕಡೆ ಕೂರದ ಹುಡುಗಿ, ಕೊನೆವರೆಗೂ ಅಲ್ಲಾಡದೆ ಕೇಳಿದಳು. ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಹೇಳಿದ್ದು ಸುಳ್ಳೋ ನಿಜವೋ ಅವತ್ತೂ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಮುಗಿದ ಮೇಲೆ ಅವಳು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿ, ಬೆರಳಿಂದ ನನ್ನ ಗಂಟಲನ್ನು ಮುಟ್ಟಿದಳು.

"ಎಷ್ಟು ಚೆನ್ನಾಗಿ ಹಾಡ್ತಿದ್ದೆ ಅಮ್ಮ ನೀನು" ಅಂದಳು.

"ಹೂಂ ಕಣೆ, ಹಾಡ್ತಿದ್ದೆ" ಅಂದೆ.